ಕಿನ್ನಾಳದ ಆನೆ, ಸೈಫೆನ್ನಿನ ಕುದುರೆ

ಡ್ರೆಸ್ಡೆನ್ನಿನಲ್ಲಿ ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಮಗಳದೇ ಕಾರುಬಾರು. 1434ರಿಂದ ನಡೆದುಬಂದಿರುವ ಇಲ್ಲಿಯ ಕ್ರಿಸ್‌ಮಸ್ ಸಂತೆಯಲ್ಲಿ ತಿಂಡಿ ಅಂಗಡಿ ದಾಟಿದರೂ ಮರದ ಆಟಿಗೆ ಅಂಗಡಿ ದಾಟುವವಳಲ್ಲ. ಆ ಆಟಿಗೆಗಳಲ್ಲಿ ಬಹಳಷ್ಟು ಬರುವುದು ಝೆಕ್ ಗಡಿಗೆ ಹತ್ತಿದ ಬೆಟ್ಟದೂರು ಸೈಫೆನ್ನಿನಿಂದ. ಒಮ್ಮೆ ಅಲ್ಲಿಗೇ ಹೋದೆವು. ಕೊಪ್ಪಳದವಳಾದ ನನ್ನ ಕಣ್ಣು ಅಲ್ಲಿಯೂ ನಮ್ಮ ಪಕ್ಕದ ಗೊಂಬೆಯೂರು ಕಿನ್ನಾಳವನ್ನೇ ಹುಡುಕಿತು.

ಸೈಫೆನ್ ಮೊದಲು ತವರದ ಗಣಿಯೂರು. ಗಣಿಯ ಗಳಿಕೆ ಇಳಿದಂತೆ ಗಣಿಗಾರರು ಮರ ಕಡೆಯಲು ಕುಳಿತರು. ಸುಮಾರು 1800ರ ಹೊತ್ತಿಗೆ ಒಂದು ಜಾಣತನದ ಕಸುಬು ಕೈಗೂಡಿತು: ಹಸಿ ಸ್ಪ್ರೂಸ್ ಮರದ ಬಿಲ್ಲೆಯನ್ನು ಲೇತಿಗೆ ಹಾಕಿ, ಉಂಗುರವಾಗಿ ಕಡೆಯುವುದು. ಕಡೆಯುವವನಿಗೆ ಪ್ರಾಣಿಯ ಆಕಾರ ಕಾಣುವುದಿಲ್ಲ. ಉಂಗುರ ಸೀಳಿದಾಗಲೇ ಅದು ಕುದುರೆಯೋ ಹಸುವೋ ಗೊತ್ತಾಗುವುದು. ಒಂದು ಉಂಗುರಕ್ಕೆ ಹತ್ತಾರು ಪ್ರಾಣಿ. ನೋಹನ ನಾವೆಯ ತುಂಬ ಇಂಥ ಪ್ರಾಣಿಗಳನ್ನು ಇಟ್ಟು ಇಂಗ್ಲೆಂಡ್, ಅಮೆರಿಕಗಳಿಗೆ ಕಳಿಸಿದರು. ಬೆಲೆ ಅಗ್ಗ, ಕೂಲಿ ಇನ್ನೂ ಅಗ್ಗ. ಅಂಗಡಿಯ ದೀಪಗಳ ಮಧ್ಯೆ ಇದನ್ನು ಯಾರೂ ಹೇಳುವುದಿಲ್ಲ, ಆದರೆ ಬೇರೆಯವರ ಮಕ್ಕಳ ಹಬ್ಬಕ್ಕಾಗಿ ಇಲ್ಲಿಯ ಮಕ್ಕಳೂ ಮನೆಯಲ್ಲಿ ಕೂತು ದುಡಿದರು.

ಕಿನ್ನಾಳದಲ್ಲಿ ಲೇತಿಲ್ಲ, ಉಳಿ ಇದೆ. ಹಗುರ ಮರವನ್ನು ತುಂಡುತುಂಡಾಗಿ ಕೆತ್ತಿ ಜೋಡಿಸುತ್ತಾರೆ. ಗೋಣಿಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿದ ಕಿಟ್ಟದಿಂದ ಮೈ ತುಂಬುತ್ತಾರೆ, ಆಮೇಲೆ ಬಣ್ಣ. ದೇವರ ಗೊಂಬೆಯ ಒಡವೆಗೆ ಹೊಳಪು ಬರುವುದು ಅರೆದು ಹಚ್ಚಿದ ತವರದಿಂದ. ಅಲ್ಲಿ ಸೈಫೆನ್ನಿನಲ್ಲಿ ತವರ ತೆಗೆದು ಸಾಕಾದ ಊರು ಗೊಂಬೆಗೆ ಬಂತು. ಕಿನ್ನಾಳದಲ್ಲಿ ಗೊಂಬೆಯವರು ತವರ ಕೊಳ್ಳುತ್ತಾರೆ! ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳು, ಮರದ ತೇರಿನ ಕೆಲಸ ತಮ್ಮ ಹಿರಿಯರದೆಂದು ಗೊಂಬೆ ಮಾಡುವ ಇಲ್ಲಿಯ ಚಿತ್ರಗಾರರ ಮಾತು. ಈಗ ಕಿನ್ನಾಳದ ಗೊಂಬೆಗೆ ಜಿಐ ಗುರುತೂ ಇದೆ.

ಆದರೂ ಸೈಫೆನ್ನಿಗೆ ಇರುವುದು ಕಿನ್ನಾಳಕ್ಕೆ ಇಲ್ಲ: ವರ್ಷವರ್ಷ ತಪ್ಪದೆ ಬಂದು ಮರದ ಗೊಂಬೆ ಕೇಳುವ ಮಕ್ಕಳ ಹಬ್ಬ. ನಮ್ಮಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನೆತ್ತು, ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ. ಒಂದು ಕರಗುತ್ತದೆ, ಒಂದು ಹೊಟ್ಟೆಗೆ ಹೋಗುತ್ತದೆ, ಮರುವರ್ಷ ಮತ್ತೆ ಬೇಕು. ಚಿತ್ರಗಾರರ ಬಳಿ ಬಣ್ಣಕ್ಕೆ ಬರುವ ಊರದೇವತೆಯೋ, ಆ ಬಣ್ಣ ಮಾಸುವವರೆಗೆ ಈ ಕಡೆ ತಿರುಗಿ ನೋಡುವುದಿಲ್ಲ. ಸಣ್ಣವಳಿದ್ದಾಗ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನಾನು ಹಟ ಹಿಡಿದು ಕೊಂಡದ್ದೆಲ್ಲ ಪ್ಲಾಸ್ಟಿಕ್ಕು. ಕ್ರಿಸ್‌ಮಸ್ಸೂ ನಮಗೆ ದೂರದ್ದೇ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳು ಗದಗಿನ ಪಕ್ಕದ ಬೆಟಗೇರಿಯವರೆಗೆ ನೆಲೆ ಮಾಡಿದರು, ಕೊಪ್ಪಳ ಆಗ ನಿಜಾಮನ ಸೀಮೆ. ಕ್ರಿಸ್‌ಮಸ್ ಗಿಡ ಎಂದರೆ ನಾವು ಗದಗ ರೈಲು ಹತ್ತಿ ನೋಡುವಂಥದ್ದು.

ಸೈಫೆನ್ನಿನ ಬೆಟ್ಟಸೀಮೆಯ ಮನೆಗಳಲ್ಲಿ ಕಿಟಕಿಗೆ ದೀಪ ಹಿಡಿದ ಮರದ ಗೊಂಬೆ ಇಡುತ್ತಾರೆ: ಮನೆಯಲ್ಲಿ ಎಷ್ಟು ಹುಡುಗಿಯರೋ ಅಷ್ಟು ದೇವದೂತರು, ಎಷ್ಟು ಹುಡುಗರೋ ಅಷ್ಟು ಗಣಿಗಾರರು. ನಮ್ಮದು ಒಂದೇ ದೇವದೂತೆ. ಮಗಳು ಅದರ ಪಕ್ಕಕ್ಕೆ ಅಜ್ಜಿ ಕಳಿಸಿದ ಕಿನ್ನಾಳದ ಆನೆ ನಿಲ್ಲಿಸಿ, “ಇದು ಯಾರ ಲೆಕ್ಕಕ್ಕ?” ಎಂದಳು. ಅಜ್ಜಿಯ ಲೆಕ್ಕಕ್ಕೆ ಅಂದೆ. ಹಾಗಾದರೆ ಕ್ರಿಸ್‌ಮಸ್ ಗಿಡಕ್ಕೂ ಒಂದು ಆನೆ ಬೇಕಂತೆ.

ಕಿನ್ನಾಳದ ಚಿತ್ರಗಾರರೊಬ್ಬರಿಗೆ ಫೋನು ಹಚ್ಚಿ, ಗಿಡಕ್ಕೆ ತೂಗುಹಾಕುವಂಥ ಸಣ್ಣ ಆನೆ ಮಾಡಿಕೊಡುತ್ತೀರಾ ಎಂದು ಕೇಳಿದೆ. ದರದ ಮಾತು ಆಮೇಲೆ ಬಂತು. ಮೊದಲು ಕೇಳಿದ್ದು ಕಸುಬಿನ ಪ್ರಶ್ನೆ: “ಕೊಂಡಿ ಎಲ್ಲಿ ಹಾಕೂಣ್ರೀ ಅಕ್ಕಾರ? ನಡುಬೆನ್ನಿಗೆ ಹಾಕಿದ್ರ ಸೊಂಡಿಲ ಕಡೆ ಜಗ್ಗತೈತಿ.”