ಕುರ್ಲಾದ ಕಾರು, ಉತ್ತರಪಾರಾದ ಕಾರು

ಅಂಬಾಸಿಡರ್ ಒಳ್ಳೆಯದೋ, ಫಿಯೆಟ್ ಒಳ್ಳೆಯದೋ? ಸ್ವಂತ ಕಾರಿಲ್ಲದವರೂ ಒಂದು ಕಾಲದಲ್ಲಿ ಈ ವಾದದಲ್ಲಿ ಪಕ್ಷ ವಹಿಸುತ್ತಿದ್ದರು. 1970ರ ದಶಕದಲ್ಲಿ ಫಿಯೆಟ್‌ಗೆ 'ಪ್ರೀಮಿಯರ್ ಪದ್ಮಿನಿ' ಎಂಬ ಹೆಸರು ಬಂದರೂ ನಮ್ಮ ಬಾಯಿಗೆ ಅದು ಕೊನೆಯವರೆಗೂ ಫಿಯೆಟ್ಟೇ.

ಎರಡೂ ಮೂಲತಃ ವಿದೇಶಿ ಕಾರುಗಳು. ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸ್, ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಸಿತು. ಇಟಲಿಯ ಫಿಯೆಟ್ 1100 ಮುಂಬೈಯ ಕುರ್ಲಾದಲ್ಲಿ, ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್‌ನಲ್ಲಿ ತಯಾರಾಯಿತು. 1940ರಲ್ಲಿ ಮೈಸೂರು ಸರಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದವರೂ ಇದೇ ವಾಲ್‌ಚಂದ್ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿಲ್ಲ.

ಇನ್ನು ಓಟದ ಮಾತು. ಬಹುಕಾಲ ಅಂಬಾಸಿಡರ್‌ನ ಪೆಟ್ರೋಲ್ ಎಂಜಿನ್ 1489 ಸಿಸಿ, ಪದ್ಮಿನಿಯದು 1089 ಸಿಸಿ. ಅಂಕಿಯಲ್ಲಿ ಅಂಬಾಸಿಡರ್ ಮುಂದು. ಆದರೆ ಅದರ ಮೈಭಾರವೂ ಅಷ್ಟೇ ಹೆಚ್ಚು. ಪದ್ಮಿನಿ ಹಗುರ. ಇಕ್ಕಟ್ಟಾದ ಪೇಟೆಯಲ್ಲಿ ತಿರುಗಿಸಲು, ನಿಲ್ಲಿಸಲು, ತಾನೇ ಕಾರು ಓಡಿಸುವ ವೈದ್ಯರಿಗೋ ವಕೀಲರಿಗೋ ಅದೇ ಸರಿ. ಅಂಬಾಸಿಡರ್‌ನ ಗುಣ ತಿಳಿಯಬೇಕಾದರೆ ಹಳ್ಳಿ ರಸ್ತೆಗೆ ಹೋಗಬೇಕು. ಹಿಂದಿನ ಸೀಟಿನಲ್ಲಿ ನಾಲ್ವರು, ಅವರ ಮಡಿಲಲ್ಲಿ ಮಕ್ಕಳು, ಡಿಕ್ಕಿ ತುಂಬ ಮದುವೆ ಮನೆಯ ಸಾಮಾನು. ಹೊಂಡ ಬಿದ್ದ ದಾರಿಯಲ್ಲಿ ಓಲಾಡುತ್ತಾ ಹೋದರೂ ಊರು ಮುಟ್ಟಿಸುತ್ತಿತ್ತು. ಡೀಸೆಲ್ ಎಂಜಿನ್ ಬಂದ ಮೇಲೆ ವೇಗ ಇನ್ನೂ ಕುಂದಿತು, ಸದ್ದು ಹೆಚ್ಚಿತು. ಆದರೂ ಖರ್ಚು ಉಳಿಯುವುದರಿಂದ ಬಾಡಿಗೆ ಓಡಿಸುವವರು ಅದನ್ನೇ ಬಯಸಿದರು. ಕಡು ಬೇಸಿಗೆಯಲ್ಲಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವ ಕಷ್ಟ ಮಾತ್ರ ಎರಡೂ ಕಾರಿನವರಿಗೆ ಸಮಾನವಾಗಿತ್ತು. ನಮ್ಮನ್ನು ಕೇಳಿದರೆ ಓಡಿಸಲು ಪದ್ಮಿನಿ, ಕೂರಲು ಅಂಬಾಸಿಡರ್.

ಆದರೆ ಆರಿಸುವ ಸ್ವಾತಂತ್ರ್ಯ ಎಷ್ಟು ಮಂದಿಗಿತ್ತು? ಎಷ್ಟು ಕಾರು ತಯಾರಾಗಬೇಕೆಂದು ಸರಕಾರದ ಲೈಸೆನ್ಸ್ ನಿರ್ಧರಿಸುತ್ತಿದ್ದ ದಿನಗಳವು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಯಲು ಸಿದ್ಧರಿರುವ ಗಿರಾಕಿಗಳು ಸಾಲುಗಟ್ಟಿರುವಾಗ ಕಾರನ್ನು ಸುಧಾರಿಸುವ ತುರ್ತು ಕಂಪೆನಿಗೇಕೆ? 1983ರ ಡಿಸೆಂಬರಿನಲ್ಲಿ 796 ಸಿಸಿಯ ಪುಟ್ಟ ಮಾರುತಿ ರಸ್ತೆಗಿಳಿದಾಗ ಎರಡರ ಮುದಿತನವೂ ಒಮ್ಮೆಲೇ ಬಯಲಾಯಿತು.

ಆ ಬಳಿಕವೂ ಇವನ್ನು ಬದುಕಿಸಿದ್ದು ಮುಖ್ಯವಾಗಿ ಸರಕಾರಿ ಕಚೇರಿಗಳು ಮತ್ತು ಟ್ಯಾಕ್ಸಿಯವರು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ಪದ್ಮಿನಿ, ಕಲ್ಕತ್ತೆಯ ಹಳದಿ ಟ್ಯಾಕ್ಸಿ ಎಂದರೆ ಅಂಬಾಸಿಡರ್. ಕಾರ್ಖಾನೆ ಇದ್ದ ಊರಿನಲ್ಲಿ ಬಿಡಿಭಾಗವೂ ಮೆಕ್ಯಾನಿಕ್ಕೂ ಕೈಗೆಟುಕುತ್ತಿದ್ದುದು ಟ್ಯಾಕ್ಸಿಯವನಿಗೆ ವೇಗಕ್ಕಿಂತ ದೊಡ್ಡ ಅನುಕೂಲ. ಕಾರು ಒಂದು ದಿನ ನಿಂತರೆ ಅಂದಿನ ಸಂಪಾದನೆಯೂ ನಿಂತಂತೆ.

ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಉತ್ತರಪಾರಾದ ಎರಡು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಗೇಟಿನ ಹೊರಗುಳಿದರು. ಮೂರು ವರ್ಷಗಳ ಬಳಿಕ ಆ ಹೆಸರೊಂದೇ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೋ ಕಂಪೆನಿಗೆ ಮಾರಾಟವಾಯಿತು. ಪದ್ಮಿನಿಯ ತಯಾರಿಕೆ ಅದಕ್ಕೂ ಬಹಳ ಮೊದಲೇ ಮುಗಿದಿತ್ತು. 2003ರಲ್ಲಿ ನೋಂದಣಿಯಾದ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ, ಇಪ್ಪತ್ತು ವರ್ಷಗಳ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು.