ಇನ್‌ಫ್ಲುಯೆಂಜಾ ಪ್ರತಿಕಾಯಗಳು

ಫ್ಲೂ ಜ್ವರದ ವೈರಾಣು ಜೀವಕೋಶವನ್ನು ಹೊಗದಂತೆ ತಡೆಯಲು ದೇಹವೇ ತಯಾರಿಸಿಕೊಳ್ಳುವ ಪ್ರೋಟೀನುಗಳು. ಇವು ವೈರಾಣುವನ್ನು ಕೊಲ್ಲುತ್ತವೆ ಎಂಬ ಮಾತು ರೂಢಿಯಲ್ಲಿದೆ. ಆದರೆ ಇವುಗಳ ಮುಖ್ಯ ಕೆಲಸ ಅಡ್ಡಗಟ್ಟುವುದು. ವೈರಾಣುವಿನ ಯಾವ ಭಾಗಕ್ಕೆ ಅಂಟಿದವೋ ಅದರ ಮೇಲೆ ತಡೆಯ ಬಗೆ ನಿಂತಿದೆ.

ವೈರಾಣುವಿನ ಮೈತುಂಬ ಹಿಮಾಗ್ಲುಟಿನಿನ್ ಎಂಬ ಪ್ರೋಟೀನಿನ ನೂರಾರು ಮುಳ್ಳುಗಳಿವೆ. ಇಟಗಿ, ರೋಣದ ಕಡೆಯ ಎರೆಹೊಲದ ಬಿಳಿಜೋಳವನ್ನು ನೆನೆದರೆ ಮುಳ್ಳಿನ ಆಕಾರ ಕಣ್ಣಿಗೆ ಕಟ್ಟುತ್ತದೆ: ಮೇಲೆ ತೆನೆ, ಕೆಳಗೆ ದಂಟು. ತೆನೆಯ ತುದಿಯ ಸಣ್ಣ ಕುಳಿ ಶ್ವಾಸನಾಳದ ಜೀವಕೋಶಗಳ ಮೇಲಿರುವ ಸಿಯಾಲಿಕ್ ಆಮ್ಲವನ್ನು ಹಿಡಿಯುತ್ತದೆ. ಆಗ ಜೀವಕೋಶ ವೈರಾಣುವನ್ನು ಪುಟ್ಟ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗಿನ ಪಿಎಚ್ 5ರ ಆಸುಪಾಸಿಗೆ ಇಳಿದಾಗ ದಂಟು ತನ್ನ ಮಡಿಕೆ ಬದಲಿಸಿ ಎರಡೂ ಪೊರೆಗಳನ್ನು ಬೆಸೆಯುತ್ತದೆ. ವೈರಾಣುವಿನ ಆರ್‌ಎನ್‌ಎ ಒಳಗಿಳಿಯುತ್ತದೆ.

ಕುಳಿಯ ಬಳಿ ಕೂತ ಪ್ರತಿಕಾಯ ಈ ಹಿಡಿತವನ್ನೇ ತಪ್ಪಿಸುತ್ತದೆ. ದಂಟಿಗೆ ಅಂಟಿದ್ದಾದರೆ ವೈರಾಣು ಚೀಲದವರೆಗೆ ಹೋದರೂ ದಂಟು ಮಡಿಕೆ ಬದಲಿಸಲಾರದೆ ಅಲ್ಲೇ ಸಿಕ್ಕಿಬೀಳುತ್ತದೆ. ನ್ಯೂರಾಮಿನಿಡೇಸ್ ಎಂಬ ಇನ್ನೊಂದು ಪ್ರೋಟೀನಿಗೆ ಅಂಟುವವು ಹೊಸ ವೈರಾಣುಗಳು ಜೀವಕೋಶದಿಂದ ಬಿಡಿಸಿಕೊಳ್ಳದಂತೆ ನೋಡಿಕೊಳ್ಳುತ್ತವೆ. ಮೂಗಿನ ಲೋಳೆಯಲ್ಲಿ ಐಜಿಎ, ರಕ್ತದಲ್ಲಿ ಐಜಿಜಿ ಬಗೆಯವು ಹೆಚ್ಚು.

ಇವುಗಳಲ್ಲಿ ಹಿಡಿತ ತಪ್ಪಿಸುವ ತಡೆಯನ್ನು ಬರಿಗಣ್ಣಿನಿಂದಲೇ ನೋಡಬಹುದು. ವೈರಾಣು ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಹೆಣೆಯುತ್ತದೆಂದು 1941ರಲ್ಲಿ ಅಮೆರಿಕದ ಜಾರ್ಜ್ ಹರ್ಸ್ಟ್ ತೋರಿಸಿದರು. ಕುಳಿಗಳಿರುವ ತಟ್ಟೆಯಲ್ಲಿ ಕೋಳಿಯ ರಕ್ತಕಣ, ವೈರಾಣು ಎರಡನ್ನೂ ಬೆರೆಸಿಟ್ಟರೆ ಕಣಗಳು ತೆಳು ಕೆಂಪು ಪದರವಾಗಿ ಹರಡುತ್ತವೆ. ಪ್ರತಿಕಾಯವಿರುವ ರಕ್ತದ ಸೀರಮ್ಮನ್ನು ವೈರಾಣುವಿಗೆ ಮೊದಲೇ ಸೇರಿಸಿದ್ದರೆ ಕಣಗಳು ಹೆಣೆದುಕೊಳ್ಳದೆ ತಳದಲ್ಲಿ ಕೆಂಪು ಗುಂಡಿಯಂತೆ ಕೂರುತ್ತವೆ. ತಟ್ಟೆಯನ್ನು ಓರೆ ಮಾಡಿದರೆ ಆ ಗುಂಡಿ ಕಣ್ಣೀರಿನ ಹನಿಯಂತೆ ಜಾರುತ್ತದೆ. ಸೀರಮ್ಮನ್ನು 40 ಪಟ್ಟು ತೆಳುವಾಗಿಸಿದರೂ ಹೀಗಾದರೆ, ಆರೋಗ್ಯವಂತ ವಯಸ್ಕರಲ್ಲಿ ಸೋಂಕಿನ ಸಾಧ್ಯತೆ ಸುಮಾರು ಅರ್ಧಕ್ಕಿಳಿಯುತ್ತದೆಂದು ಎಣಿಕೆ. ದಂಟಿನ ಪ್ರತಿಕಾಯಗಳು ಮಾತ್ರ ಈ ಪರೀಕ್ಷೆಗೆ ಸಿಗುವುದಿಲ್ಲ, ಏಕೆಂದರೆ ಅವು ಹಿಡಿತವನ್ನು ತಪ್ಪಿಸುವುದಿಲ್ಲ.

ತೊಡಕಿರುವುದು ತೆನೆಯಲ್ಲಿ. ಅದು ರೂಪಾಂತರದಿಂದ ಬದಲಾಗುತ್ತಲೇ ಇರುತ್ತದೆ, ಹಳೆಯ ಪ್ರತಿಕಾಯಕ್ಕೆ ಅದರ ಗುರುತು ಸಿಗುವುದಿಲ್ಲ. ಅದಕ್ಕೇ ಲಸಿಕೆಯನ್ನು ವರ್ಷವರ್ಷ ಪರಿಶೀಲಿಸಿ ಬದಲಿಸಬೇಕಾಗುತ್ತದೆ. ದಂಟು ಅಷ್ಟಾಗಿ ಬದಲಾಗದು. ಆದರೆ ದೇಹದ ರೋಗನಿರೋಧಕ ವ್ಯವಸ್ಥೆಗೆ ಮೊದಲು ಕಾಣುವುದು ತೆನೆಯೇ. ಹಾಗಾದರೆ ತೆನೆಯನ್ನು ಕೊಯ್ದು ದಂಟನ್ನಷ್ಟೇ ತೋರಿಸಬಾರದೇಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ತಂಡ ಹಿಡಿದದ್ದು ಈ ದಾರಿ. ತೆನೆಯಿಲ್ಲದ ದಂಟು ತನ್ನ ಸಹಜ ಆಕಾರದಲ್ಲಿ ನಿಲ್ಲದೆ, ವೈರಾಣು ಆಮ್ಲದಲ್ಲಿ ತಾಳುವ ಮಡಿಕೆಗೆ ಜಾರಿಬಿಡುತ್ತದೆ. ತಂಡ ಪ್ರೋಟೀನಿನ ಕೆಲವು ಅಮೈನೊ ಆಮ್ಲಗಳನ್ನು ಬದಲಿಸಿ ಆ ಜಾರುವಿಕೆಯನ್ನು ತಡೆದು, ಅದನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿತು. ಅದು ಇಲಿಗಳನ್ನು ಮಾರಕ ಸೋಂಕಿನಿಂದ ಕಾಪಾಡಿದ್ದು 2010ರಲ್ಲಿ ಪ್ರಕಟವಾಯಿತು; 2014ರ ವರದಿಯಲ್ಲಿ ಬೇರೆ ತಳಿಯ ವೈರಾಣುವಿನಿಂದಲೂ ರಕ್ಷಣೆ ಕಂಡುಬಂತು. ಫ್ಲೂ ಲಸಿಕೆಗೆ ಸಾಮಾನ್ಯವಾಗಿ ಬಳಸುವ ಕೋಳಿಮೊಟ್ಟೆಯ ಗೊಡವೆಯಿಲ್ಲದೆ ಲಸಿಕೆಯ ಪ್ರೋಟೀನನ್ನು ಬೆಳೆಸಬಹುದೆಂಬುದು ಇದರಲ್ಲಿ ದೊಡ್ಡ ಮಾತು.

2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಿಂದ ಎಚ್3ಎನ್2 ಎಂಬ ಬಗೆಯ ಫ್ಲೂನಿಂದಾದ ಸಾವಿನ ವರದಿ ಬಂದಾಗ ಫ್ಲೂ ಬರೀ ನೆಗಡಿಯಲ್ಲವೆಂದು ರಾಜ್ಯ ಮತ್ತೆ ಎಚ್ಚೆತ್ತಿತು. ವೃದ್ಧರಿಗೆ, ಗರ್ಭಿಣಿಯರಿಗೆ, ಉಬ್ಬಸವಿದ್ದವರಿಗೆ ಈಗಿರುವ ಲಸಿಕೆಯೇ ಆಸರೆ. ಹಾಕಿಸಿಕೊಂಡ ಮೇಲೆ ರಕ್ತದಲ್ಲಿ ಸಾಕಷ್ಟು ಪ್ರತಿಕಾಯ ಮೂಡಲು ಸುಮಾರು 2 ವಾರ ಬೇಕು.