ಹೈಡ್ರಾಕ್ಟೀನಿಯಾ ವಸಾಹತಿನಲ್ಲಿ ಸ್ವ-ಪರ ಭೇದ: ಒಂದು ವಿವೇಚನೆ

ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಸನ್ಯಾಸಿ ಏಡಿಗಳು ಹೊತ್ತು ತಿರುಗುವ ಖಾಲಿ ಚಿಪ್ಪುಗಳೇ ಹೈಡ್ರಾಕ್ಟೀನಿಯಾ ಸಿಂಬಯೋಲಾಂಗಿಕಾರ್ಪಸ್ ಎಂಬ ಕುಟುಕುಕಣವಂತ ಜೀವಿಯ ನೆಲೆ. ಬಸ್ ಮತ್ತು ಯುಂಡ್ 1989ರಲ್ಲಿ ಇದನ್ನು ಪ್ರತ್ಯೇಕ ಪ್ರಭೇದವೆಂದು ವಿವರಿಸಿದರು. ಪಕ್ಕದ ವಸಾಹತು ತನ್ನದೋ ಪರರದೋ ಎಂದು ಈ ಜೀವಿ ನಿಖರವಾಗಿ ಗುರುತಿಸಬಲ್ಲದು. ಈ ಸಾಮರ್ಥ್ಯವನ್ನು ಆಕರಕೋಶಗಳ (ಸ್ಟೆಮ್ ಸೆಲ್‌ಗಳ) ರಕ್ಷಣೆಯ ದೃಷ್ಟಿಯಿಂದ ನೋಡಬೇಕೆಂಬುದು ಪ್ರಸ್ತುತ ಲೇಖನದ ವಾದ.

ಚಿಪ್ಪಿನ ಮೇಲೆ ನೆಲೆಯೂರಿದ ಲಾರ್ವಾ ರೂಪಾಂತರಗೊಂಡು ಒಂದು ಪಾಲಿಪ್ ಆಗುತ್ತದೆ. ಅದರ ಬುಡದಿಂದ ಹರಡುವ ಅಂಗಾಂಶದ ಹಾಸಿನಿಂದ ಹೊಸ ಪಾಲಿಪ್‌ಗಳು ಮೊಳೆಯುತ್ತವೆ. ಉಣ್ಣುವ ಪಾಲಿಪ್‌ಗಳಿಗೆ ಬಾಯಿಯೂ ಅದರ ಸುತ್ತ ಕರಬಳ್ಳಿಗಳೂ ಇರುತ್ತವೆ. ಸಂತಾನೋತ್ಪತ್ತಿಯ ಪಾಲಿಪ್‌ಗಳು ತಾವಾಗಿ ಉಣ್ಣಲಾರವು. ಹಾಸಿನೊಳಗಿನ ನಾಳಗಳಲ್ಲಿ ಹರಿದು ಬರುವ ಆಹಾರವೇ ಅವಕ್ಕೆ ಆಧಾರ. ಒಂದು ವಸಾಹತು ಗಂಡಾಗಿರುತ್ತದೆ, ಇಲ್ಲವೇ ಹೆಣ್ಣಾಗಿರುತ್ತದೆ.

ಬಹುತೇಕ ಪ್ರಾಣಿಗಳಲ್ಲಿ ಲಿಂಗಾಣುಗಳ ಮೂಲಕೋಶಗಳು ಭ್ರೂಣಾವಸ್ಥೆಯಲ್ಲೇ ಬೇರ್ಪಡುತ್ತವೆ. ಹೈಡ್ರಾಕ್ಟೀನಿಯಾದಲ್ಲಿ ಹಾಗಿಲ್ಲ. ಅದರ ಆಕರಕೋಶಗಳು ದೇಹದ ಕೋಶಗಳನ್ನೂ ಲಿಂಗಾಣುಗಳನ್ನೂ ಬದುಕಿನುದ್ದಕ್ಕೂ ಹುಟ್ಟಿಸುತ್ತವೆ. ಹಾಸಿನೊಳಗೆ ವಲಸೆಯನ್ನೂ ಹೋಗುತ್ತವೆ. ಹೈಡ್ರಾಯ್ಡ್‌ಗಳಲ್ಲಿ ಲಿಂಗಕೋಶಗಳ ಇಂಥ ವಲಸೆಯನ್ನು ಆಗಸ್ಟ್ ವೈಸ್‌ಮನ್ 1883ರಲ್ಲೇ ವಿಸ್ತಾರವಾಗಿ ದಾಖಲಿಸಿದ್ದ. ಅಪಾಯವಿರುವುದೂ ಇಲ್ಲಿಯೇ. ಎರಡು ವಸಾಹತುಗಳು ಬೆಸೆದುಕೊಂಡರೆ ಒಂದರ ಆಕರಕೋಶಗಳು ಇನ್ನೊಂದರ ಸಂತಾನಾಂಗಗಳನ್ನು ಆಕ್ರಮಿಸಬಹುದು. ಒಬ್ಬರು ಉತ್ತು ಬಿತ್ತಿದ ಹೊಲದಲ್ಲಿ ಮತ್ತೊಬ್ಬರು ಕೊಯ್ಲು ಮಾಡಿದಂತೆ.

ಒಂದೇ ಚಿಪ್ಪಿನ ಮೇಲೆ ಹಲವು ಲಾರ್ವಾಗಳು ನೆಲೆಸುವುದರಿಂದ ಮುಖಾಮುಖಿ ತಪ್ಪಿದ್ದಲ್ಲ. ಆಗ ನಿರ್ಣಾಯಕವಾಗುವುದು ಆಲ್ರ್-1, ಆಲ್ರ್-2 ಎಂಬ ಎರಡು ಜೀನ್‌ಗಳು. ಪ್ರಯೋಗಾಲಯದ ತಳಿಗಳಲ್ಲಿ ಕಂಡ ನಿಯಮ ಹೀಗಿದೆ: ಎರಡೂ ಜೀನ್‌ಗಳಲ್ಲಿ ಕನಿಷ್ಠ ಒಂದೊಂದು ಅಲೀಲ್ (ಜೀನ್‌ನ ರೂಪಭೇದ) ಸಮಾನವಾಗಿದ್ದರೆ ವಸಾಹತುಗಳು ಬೆಸೆಯುತ್ತವೆ. ಒಂದು ಜೀನ್‌ನಲ್ಲಿ ಮಾತ್ರ ಹೊಂದಿಕೆಯಿದ್ದರೆ ಬೆಸುಗೆ ತಾತ್ಕಾಲಿಕ. ಎರಡರಲ್ಲೂ ಹೊಂದಿಕೆಯಿಲ್ಲದಿದ್ದರೆ ಯುದ್ಧವೇ ಸರಿ: ಅಂಚಿನ ಎಳೆಗಳು ಊದಿಕೊಂಡು ಮೇಲೆದ್ದು, ಎದುರಾಳಿಯ ಅಂಗಾಂಶದ ಮೇಲೆ ಕುಟುಕುಕಣಗಳನ್ನು ಸಿಡಿಸುತ್ತವೆ.

ಈ ಜೀನ್‌ಗಳ ರೂಪಭೇದಗಳು ಅಸಂಖ್ಯ. ಆದ್ದರಿಂದ ಅಲೀಲ್ ಹೊಂದಿಕೆಯಾದರೆ ಎದುರಿಗಿರುವುದು ರಕ್ತಸಂಬಂಧಿ ಎಂಬ ಸಂಭವವೇ ಹೆಚ್ಚು. ಬೆಸುಗೆ ಬಂಧುಗಳಿಗೆ ಸೀಮಿತವಾದಾಗ, ಆಕರಕೋಶಗಳ ಅತಿಕ್ರಮಣ ನಡೆದರೂ ನಷ್ಟದ ಒಂದು ಪಾಲು ಕುಲದೊಳಗೇ ಉಳಿಯುತ್ತದೆ. ಹೀಗಾಗಿ ಸ್ವ-ಪರ ಭೇದದ ವಿಕಾಸವನ್ನು ರೋಗನಿರೋಧದ ಚರಿತ್ರೆಯಾಗಿ ಮಾತ್ರ ಓದಿದರೆ ಸಾಲದು. ಸಂತಾನದ ಹಕ್ಕನ್ನು ಕಾಯುವ ಒತ್ತಡವನ್ನೂ ಅದರ ಕಾರಣಗಳಲ್ಲಿ ಎಣಿಸಬೇಕು.